ಅಷ್ಟಾವಧಾನಿ ಎಂಬ ಹೊಗಳಿಕೆ

ಮದುವೆ ಮನೆಯಲ್ಲಿ, ಸೀಮಂತದ ಊಟದ ಪಂಕ್ತಿಯಲ್ಲಿ ನೀವೂ ಈ ಮಾತನ್ನು ಕೇಳಿರುತ್ತೀರಿ. "ನಮ್ಮಾಕಿ ಅಂದ್ರ ಅಷ್ಟಾವಧಾನಿ ನೋಡ್ರಿ! ಒಂದ ಕೈಯಾಗ ರೊಟ್ಟಿ, ಇನ್ನೊಂದ ಕೈಯಾಗ ಕೂಸು, ಬಾಯಾಗ ಮಗ್ಗಿ!" ಹೇಳುವ ಯಜಮಾನರ ಮುಖದಲ್ಲಿ ಹೆಮ್ಮೆ. ಪಕ್ಕದಲ್ಲಿ ಕುಳಿತ 'ಆಕಿ'ಯ ಮುಖದಲ್ಲೂ ನಗು. ಹೊಗಳಿಕೆ ಯಾರಿಗೆ ತಾನೇ ಬೇಡ? ಆದರೆ ಮನೆಗೆ ಬಂದ ಮೇಲೆ ಅದೇ ಅಷ್ಟಾವಧಾನಿ ಸಾರಿಗೆ ಎರಡು ಸಲ ಉಪ್ಪು ಹಾಕಿದರೆ ಬರುವ ಮಾತು ಬೇರೆ. "ಎಲ್ಲಿರತೈತಿ ನಿನ್ನ ಲಕ್ಷ್ಯ?"

ಲಕ್ಷ್ಯ ಎಲ್ಲಿರುತ್ತದೆ ಎಂಬುದೇ ಇಂದಿನ ವಿಷಯ. ಏಕಕಾಲಕ್ಕೆ ಎರಡು ಯೋಚನೆ ಮಾಡಲು ನಮಗೇಕೆ ಆಗುವುದಿಲ್ಲ? ಇದು ನಮ್ಮ ದಡ್ಡತನವೇ, ವಯಸ್ಸಾದ ಲಕ್ಷಣವೇ, ಅಥವಾ ತಲೆ ಇರುವುದೇ ಹಾಗೆಯೇ?

ಕಾಕತಿಯ ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಿ. ಬೆಳಗಾವಿಯಿಂದ ಉತ್ತರಕ್ಕೆ, ಕೊಲ್ಹಾಪುರದ ಕಡೆ ಸಾಗುವ ಹೆದ್ದಾರಿಯ ಮಗ್ಗುಲಿನ ಊರು ಇದು. ಮನೆಯೊಡತಿ ಒಂಬತ್ತರೊಳಗೆ ಬೆಳಗಾವಿಯ ಬಸ್ಸು ಹಿಡಿಯಬೇಕು. ಹಂಚಿನ ಮೇಲೆ ರೊಟ್ಟಿ, ಮಗ್ಗುಲ ಒಲೆಯ ಮೇಲೆ ಹಾಲು. "ಏಳೆಂಟ್ಲೆ ಎಷ್ಟಬೇ ಅವ್ವಾ?" ಎಂದು ಮಗ. "ಗಾಡಿ ಚಾವಿ ಎಲ್ಲಿಟ್ಟಿ?" ಎಂದು ಅವನ ಅಪ್ಪ. "ನನ್ನ ಬಿ.ಪಿ. ಗುಳಿಗಿ ಬಿಳೇದೋ ಕೆಂಪೋ, ಯಾವುದು ಮುಂಜಾನೆದು?" ಎಂದು ಪಡಸಾಲೆಯಿಂದ ಅತ್ತೆ. ಬಾಗಿಲಲ್ಲಿ ಹಾಲಿನವನ ಲೆಕ್ಕ. ಇಷ್ಟರಲ್ಲಿ ಮೊಬೈಲು ಬೇರೆ ಬಾರಿಸುತ್ತದೆ. ಎಲ್ಲರಿಗೂ ಉತ್ತರ ಸಿಗುತ್ತದೆ, ರೊಟ್ಟಿಯೂ ಉಬ್ಬುತ್ತದೆ. ಹಾಲು ಮಾತ್ರ ಉಕ್ಕಿ ಒಲೆ ಮೇಲೆ! ಇದನ್ನೇ ಅಲ್ಲವೇ ಜನ ಅಷ್ಟಾವಧಾನ ಎನ್ನುವುದು?

ನಿಜವಾದ ಅಷ್ಟಾವಧಾನ ಹೇಗಿರುತ್ತದೆ ಎಂಬುದನ್ನು ನೋಡಿದವರಿಗೆ ಈ ಹೋಲಿಕೆ ಕೇಳಿ ನಗು ಬರಬೇಕು.

ವೇದಿಕೆಯ ಮೇಲಿನ ಎಂಟು ಮಂದಿ

ಕನ್ನಡದಲ್ಲಿ ಅವಧಾನ ಕಲೆ ಎಂದೊಡನೆ ನೆನಪಾಗುವ ಹೆಸರು ಶತಾವಧಾನಿ ಡಾ. ಆರ್. ಗಣೇಶ್ ಅವರದು. ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ಆದರೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಡಿ.ಲಿಟ್. ಪಡೆದದ್ದು ಕನ್ನಡದ ಅವಧಾನ ಕಲೆಯನ್ನೇ ಕುರಿತು ಬರೆದು. 2012ರಲ್ಲಿ ಬೆಂಗಳೂರಿನಲ್ಲಿ ಪೂರ್ತಿ ಕನ್ನಡದಲ್ಲಿಯೇ ಶತಾವಧಾನ ನಡೆಸಿದರು. ಅವರ ಅಷ್ಟಾವಧಾನಗಳ ಲೆಕ್ಕ ಸಾವಿರ ದಾಟಿದೆ.

ಅವಧಾನಿಯ ಎದುರಿಗೆ ಎಂಟು ಮಂದಿ ಪೃಚ್ಛಕರು, ಅಂದರೆ ಪ್ರಶ್ನೆ ಕೇಳುವವರು, ಕುಳಿತಿರುತ್ತಾರೆ. ಒಬ್ಬರು ನಿಷೇಧಾಕ್ಷರಿಯವರು. ಅವಧಾನಿ ಪದ್ಯದ ಒಂದಕ್ಷರ ಹೇಳಿದರೆ, ಮುಂದಿನದು ಇಂಥ ಅಕ್ಷರವಾಗಕೂಡದು ಎಂದು ಅವರು ತಡೆಯುತ್ತಾರೆ; ಆ ಬೇಲಿಯನ್ನು ದಾಟಿ ಪದ್ಯ ಸಾಗಬೇಕು. ಇನ್ನೊಬ್ಬರು ಸಮಸ್ಯಾಪೂರಣಕ್ಕೆಂದು ಅರ್ಥವಿಲ್ಲದಂತೆ ಕಾಣುವ ಒಂದು ಸಾಲು ಕೊಡುತ್ತಾರೆ. ಅದಕ್ಕೆ ಅರ್ಥ ಬರುವ ಹಾಗೆ ಮೇಲಿನ ಸಾಲುಗಳನ್ನು ಕಟ್ಟಬೇಕು. ದತ್ತಪದಿಯವರು ಒಂದಕ್ಕೊಂದು ಸಂಬಂಧವೇ ಇಲ್ಲದ ಪದಗಳನ್ನು ಕೊಟ್ಟು ಪದ್ಯದಲ್ಲಿ ಹೊಂದಿಸಿ ಎನ್ನುತ್ತಾರೆ. ಚಿತ್ರಕವಿತೆ, ಆಶುಕವಿತೆ, ಕಾವ್ಯವಾಚನ ಒಬ್ಬೊಬ್ಬರದು. ಸಂಖ್ಯಾಬಂಧದವರು ನಡುನಡುವೆ ಬಾಯಿ ಹಾಕಿ ಚೌಕದ ಇಂಥ ಮನೆಯ ಅಂಕೆ ಹೇಳಿ ಎನ್ನುತ್ತಾರೆ. ಕೊನೆಯಲ್ಲಿ ಅಡ್ಡಸಾಲು, ಉದ್ದಸಾಲು ಯಾವುದನ್ನು ಕೂಡಿಸಿದರೂ ಒಂದೇ ಮೊತ್ತ ಬರಬೇಕು. ಎಂಟನೆಯವರು ಅಪ್ರಸ್ತುತ ಪ್ರಸಂಗಿ. ಸಲ್ಲದ ಪ್ರಶ್ನೆ, ಚೇಷ್ಟೆಯ ಪ್ರಶ್ನೆ ಕೇಳಿ ಅವಧಾನಿಯ ಏಕಾಗ್ರತೆ ಕೆಡಿಸುವುದೇ ಇವರ ಕೆಲಸ! ಸಭೆ ನಗುವುದು ಇವರಿಂದಲೇ. ಅವಧಾನಿ ಕಾಗದ ಪೆನ್ಸಿಲು ಮುಟ್ಟುವಂತಿಲ್ಲ. ಕೊನೆಗೆ ಎಲ್ಲ ಪದ್ಯಗಳನ್ನೂ ನೆನಪಿನಿಂದ ಒಪ್ಪಿಸಬೇಕು. ಅದಕ್ಕೆ ಧಾರಣ ಎಂದು ಹೆಸರು.

ಇಷ್ಟು ಕೇಳಿದರೆ, "ಅಬ್ಬಾ, ಎಂಟು ಕೆಲಸ ಒಂದೇ ಸಲಕ್ಕೆ!" ಎನಿಸುವುದು ಸಹಜ. ಆದರೆ ಸ್ವಲ್ಪ ಗಮನವಿಟ್ಟು ನೋಡಿ. ಎಂಟು ಮಂದಿ ಒಟ್ಟಿಗೆ ಕೂಗುವುದಿಲ್ಲ. ಸರದಿ ಇದೆ. ಒಬ್ಬರಿಗೆ ಒಂದು ಸಾಲು ಕಟ್ಟಿಕೊಟ್ಟ ಮೇಲೆ ಅವಧಾನಿ ಇನ್ನೊಬ್ಬರತ್ತ ತಿರುಗುತ್ತಾರೆ. ಮೊದಲ ಸುತ್ತಿನಲ್ಲಿ ಎಲ್ಲರ ಪದ್ಯದ ಮೊದಲ ಸಾಲು, ಎರಡನೆಯ ಸುತ್ತಿನಲ್ಲಿ ಎರಡನೆಯದು, ಹೀಗೆ ನಾಲ್ಕು ಸುತ್ತು. ಆ ಹೊತ್ತಿಗೆ ಇಡೀ ತಲೆ ಒಬ್ಬರಿಗೇ ಮೀಸಲು. ಬಿಟ್ಟುಹೋದ ಸಾಲು ಮರೆಯಾಗದಿರುವುದಕ್ಕೆ ಛಂದಸ್ಸಿನ ಕಟ್ಟು ಇದೆ. ಹೂವನ್ನು ಬಿಡಿಯಾಗಿ ಕೈಯಲ್ಲಿ ಹಿಡಿದರೆ ಉದುರುತ್ತದೆ, ದಂಡೆ ಕಟ್ಟಿದರೆ ಉಳಿಯುತ್ತದೆ, ಹಾಗೆ. ಅದರ ಹಿಂದೆ ಎಷ್ಟೋ ವರ್ಷಗಳ ಓದು, ಸಾಧನೆ ಇವೆ. ಎಲ್ಲಕ್ಕಿಂತ ಮುಖ್ಯವಾಗಿ, ಸಾವಿರ ಜನ ಕೂತ ಸಭೆಯೂ ಅವಧಾನಿ ಯೋಚಿಸುವಾಗ ಉಸಿರು ಬಿಗಿಹಿಡಿದು ಸುಮ್ಮನಿರುತ್ತದೆ. ತೊಂದರೆ ಕೊಡಲು ಅಪ್ಪಣೆ ಇರುವುದು ಒಬ್ಬ ಅಪ್ರಸ್ತುತ ಪ್ರಸಂಗಿಗೆ ಮಾತ್ರ.

ನಮ್ಮ ಅಡಿಗೆಮನೆಯಲ್ಲಿ ಎಂಟಕ್ಕೆ ಎಂಟೂ ಅಪ್ರಸ್ತುತ ಪ್ರಸಂಗಿಗಳೇ! ಸರದಿ ಇಲ್ಲ, ಮೌನವಿಲ್ಲ, ಛಂದಸ್ಸಿಲ್ಲ. ಸಾಲದ್ದಕ್ಕೆ ಅವಧಾನಿಯ ಕೈಯಲ್ಲಿ ರೊಟ್ಟಿಯೂ ಇರುವುದಿಲ್ಲ.

ನೀವೇ ಮಾಡಿ ನೋಡಿ

ನಂಬಿಕೆ ಬರದಿದ್ದರೆ ಒಂದು ಚಿಕ್ಕ ಪರೀಕ್ಷೆ. ಗಡಿಯಾರ ನೋಡಿಕೊಂಡು, ಅ ಆ ಇ ಈ ಉ ಊ ಋ ಎ ಏ ಐ ಎಂದು ಹತ್ತು ಅಕ್ಷರ ಹೇಳಿ. ಆಮೇಲೆ ಒಂದರಿಂದ ಹತ್ತು ಎಣಿಸಿ. ಎರಡೂ ಸೇರಿ ಏಳೆಂಟು ಸೆಕೆಂಡು ಆದೀತು. ಈಗ ಎರಡನ್ನೂ ಕಲಸಿ ಹೇಳಿ: ಅ ಒಂದು, ಆ ಎರಡು, ಇ ಮೂರು... ಐದಾರಕ್ಕೆ ಬರುವಷ್ಟರಲ್ಲಿ ನಾಲಿಗೆ ತೊದಲುತ್ತದೆ. 'ಋ' ಹತ್ತಿರ ನಿಂತು ಯೋಚಿಸಬೇಕಾಗುತ್ತದೆ. ಹೇಳಿದ್ದು ಅವೇ ಇಪ್ಪತ್ತು ಮಾತು. ಒಂದನೆಯ ತರಗತಿಯಲ್ಲಿ ಕಲಿತವು. ಆದರೂ ಸಮಯ ಹೆಚ್ಚು, ತಪ್ಪೂ ಹೆಚ್ಚು. ಹೆಚ್ಚಾದ ಈ ಸಮಯ ಅಕ್ಷರಕ್ಕೂ ಹೋಗಲಿಲ್ಲ, ಅಂಕೆಗೂ ಹೋಗಲಿಲ್ಲ. ಇದರಿಂದ ಅದಕ್ಕೆ, ಅದರಿಂದ ಇದಕ್ಕೆ ದಾಟುವುದರಲ್ಲಿ ಹೋಯಿತು. ಅಮೆರಿಕದ ಮನಶ್ಶಾಸ್ತ್ರಜ್ಞ ಜೆರ್ಸಿಲ್ಡ್ 1927ರಷ್ಟು ಹಿಂದೆಯೇ ಈ ದಾಟುವ ಖರ್ಚನ್ನು ಅಳೆದು ತೋರಿಸಿದ್ದ. ನಾವು 'ಎರಡು ಕೆಲಸ ಒಟ್ಟಿಗೆ' ಎನ್ನುವುದು ಬಹಳ ಮಟ್ಟಿಗೆ ಹೀಗೆ ಬೇಗಬೇಗ ದಾಟುವುದೇ. ದಾಟುವುದು ಬೇಗ ನಡೆಯುವುದರಿಂದ ಒಟ್ಟಿಗೆ ಮಾಡಿದ ಹಾಗೆ ಕಾಣುತ್ತದೆ, ಅಷ್ಟೆ.

ಬೆಳಗಾವಿಯ ಟಿಳಕವಾಡಿಯ ರೈಲ್ವೆ ಗೇಟಿನಲ್ಲಿ ಕಾದವರಿಗೆ ತಲೆಯೊಳಗಿನ ಈ ಸಂಗತಿಯನ್ನು ವಿವರಿಸುವುದು ಸುಲಭ. ರೈಲು ಬರುತ್ತಿದ್ದರೆ ಗಾಡಿಗಳು ನಿಲ್ಲಲೇಬೇಕು. ಗಾಡಿ ಎಷ್ಟೇ ಚಿಕ್ಕದಿರಲಿ, ಅವಸರ ಎಷ್ಟೇ ಇರಲಿ. ರೈಲು ದಾಟಿದ ಕೂಡಲೇ ಎಲ್ಲ ಸರಾಗವಾಗುತ್ತದೆಯೇ? ಇಲ್ಲ. ಗೇಟು ಏಳಬೇಕು, ಎರಡೂ ಕಡೆಯವರು ಒಬ್ಬರಿಗೊಬ್ಬರು ಅಡ್ಡ ನಿಂತಿರುತ್ತಾರೆ, ಮತ್ತೆ ಓಟ ಕೂಡಲು ಹೊತ್ತು ಬೇಕು. ಬ್ರಿಟನ್ನಿನ ವೆಲ್‌ಫರ್ಡ್ ಎಂಬ ಮನಶ್ಶಾಸ್ತ್ರಜ್ಞ 1952ರಲ್ಲಿ ಇಂಥದೇ ಮಾತು ಹೇಳಿದ. ಒಂದು ಸಂಜ್ಞೆಗೆ ಉತ್ತರ ನಿರ್ಧರಿಸುತ್ತಿರುವಾಗಲೇ ಎರಡನೆಯ ಸಂಜ್ಞೆ ಬಂದರೆ, ಅದು ಎಷ್ಟೇ ಸುಲಭದ್ದಾದರೂ ಕಾಯಬೇಕಾಗುತ್ತದೆ. ಕಣ್ಣಿಗೆ ಕಾಣುವುದು, ಕಿವಿಗೆ ಕೇಳುವುದು ಒಟ್ಟೊಟ್ಟಿಗೆ ನಡೆದೀತು. 'ಏನು ಮಾಡಲಿ' ಎಂದು ನಿರ್ಧರಿಸುವ ದಾರಿ ಮಾತ್ರ ಇಕ್ಕಟ್ಟು.

ಹಾಗಾದರೆ ರೊಟ್ಟಿ ಬಡಿಯುತ್ತ ಮಗ್ಗಿ ಹೇಳಿಕೊಡುವುದು ಹೇಗೆ ಸಾಧ್ಯ ಎಂದು ಕೇಳುತ್ತೀರಿ. ರೊಟ್ಟಿ ಬಡಿಯುವ ಕೈಗೆ ಈಗ ತಲೆಯ ಅಪ್ಪಣೆ ಬೇಡ! ಹೊಸದಾಗಿ ರೊಟ್ಟಿ ಕಲಿಯುತ್ತಿದ್ದ ದಿನಗಳನ್ನು ನೆನೆಸಿಕೊಳ್ಳಿ. ಅಂಚು ಸೀಳುತ್ತಿತ್ತು, ಯಾರಾದರೂ ಮಾತಾಡಿಸಿದರೆ ಸಿಟ್ಟು ಬರುತ್ತಿತ್ತು. ಸಾವಿರ ರೊಟ್ಟಿ ಆದ ಮೇಲೆ ಅದು ಕೈಯ ಕೆಲಸವಾಯಿತು, ತಲೆಯ ಗೇಟಿಗೆ ಬರುವುದೇ ಇಲ್ಲ. ಖಾನಾಪುರದ ಕಡೆ ಕುಂಬಾರರು ತಿಗರಿಯ ಮುಂದೆ ಕೂತು ಊರ ಸುದ್ದಿ ಆಡುತ್ತಲೇ ಮಡಕೆಯ ಕಂಠ ತಿದ್ದುವುದು ಇದೇ ಬಗೆಯದು. ಹೆಣಿಗೆ, ಕಸೂತಿ, ಪಾತ್ರೆ ತೊಳೆಯುವುದು, ಮೆಂತ್ಯೆ ಸೊಪ್ಪು ಸೋಸುವುದು ಎಲ್ಲ ಹೀಗೆಯೇ. ಇವುಗಳ ಜೊತೆಗೆ ಒಂದು ಯೋಚನೆ ಸುಖವಾಗಿ ಸಾಗುತ್ತದೆ. ಆದರೆ ಒಂದೇ ಒಂದು. ಎರಡನೆಯ ಯೋಚನೆ ಬಂತೋ, ಗೇಟು ಬಿತ್ತು.

ಉಪ್ಪಿನ ರಹಸ್ಯವೂ ಇಲ್ಲಿಯೇ ಇದೆ. ಉಪ್ಪು ಹಾಕುವುದು ಕೈಗೆ ರೂಢಿ. ತಲೆ ಹಾಲಿನವನ ಲೆಕ್ಕದಲ್ಲಿದ್ದಾಗ ಕೈ ತಾನಾಗಿ ಉಪ್ಪು ಹಾಕಿಬಿಡುತ್ತದೆ. ನೆನಪಿನ ಪುಸ್ತಕದಲ್ಲಿ ಅದು ದಾಖಲಾಗಲೇ ಇಲ್ಲ. ಆಮೇಲೆ ಎಷ್ಟು ನೆನಪಿಸಿಕೊಂಡರೂ ಬರುವುದಿಲ್ಲ. ಬರೆಯದೇ ಇದ್ದುದನ್ನು ಓದುವುದು ಹೇಗೆ? 'ನನಗೆ ಮರೆವು ಶುರುವಾಯಿತು' ಎಂದು ಹೆದರುವ ನಲವತ್ತರ ಗೃಹಿಣಿಯರಲ್ಲಿ ಅನೇಕರಿಗೆ ಆಗಿರುವುದು ಮರೆವಲ್ಲ, ಇದು. (ದಿನದಿನಕ್ಕೆ ಹೆಚ್ಚುತ್ತ ಹೋಗುವ, ಪರಿಚಿತ ದಾರಿಯನ್ನೇ ತಪ್ಪಿಸುವ ಮರೆವಿದ್ದರೆ ಮಾತ್ರ ವೈದ್ಯರನ್ನು ಕಾಣಬೇಕು.)

ಇನ್ನೊಂದು ಸಂಗತಿ. ಕೈಹಿಡಿತದ ನೆನಪು, ಅಂದರೆ ಈ ಗಳಿಗೆಗೆ ಬೇಕಾದುದನ್ನು ಹಿಡಿದಿಡುವ ನೆನಪಿನ ಗೂಡು, ಬಹಳ ಚಿಕ್ಕದು. 1956ರಲ್ಲಿ ಮಿಲ್ಲರ್ ಎಂಬ ವಿದ್ವಾಂಸ ಅದರಲ್ಲಿ ಸುಮಾರು ಏಳು ಸಂಗತಿ ಹಿಡಿಸುತ್ತವೆ ಎಂದ. 2001ರಲ್ಲಿ ಕೋವನ್ ಎಂಬಾತ ಲೆಕ್ಕ ಹಾಕಿ ಸುಮಾರು ನಾಲ್ಕೇ ಎಂದು ತೋರಿಸಿದ. ನಾಲ್ಕು! ಹಾಲು, ಚಾವಿ, ಗುಳಿಗೆ, ಏಳೆಂಟ್ಲೆ ಐವತ್ತಾರು. ಐದನೆಯದು ಬಂದರೆ ಯಾವುದೋ ಒಂದು ಕೆಳಗೆ ಬೀಳಲೇಬೇಕು.

ಎರಡು ಭಾಷೆಯ ಪೇಟೆ

ನಮ್ಮ ಬೆಳಗಾವಿ ಸೀಮೆಯ ಹೆಣ್ಣುಮಕ್ಕಳಿಗೆ ಬೇರೆ ಊರಿನವರಿಗಿಲ್ಲದ ಒಂದು ಹೆಚ್ಚಿನ ಕೆಲಸವಿದೆ. ಮನೆಯಲ್ಲಿ ಕನ್ನಡ, ಪಕ್ಕದ ಮನೆಯವರೊಡನೆ ಮರಾಠಿ, ಮಗಳ ಶಾಲೆಯಲ್ಲಿ ಇಂಗ್ಲಿಷು, ರಿಕ್ಷಾದವರೊಡನೆ ಹಿಂದಿಯೋ ಉರ್ದುವೋ. ಖಡೇಬಜಾರಿನಲ್ಲಿ, ರವಿವಾರ ಪೇಟೆಯಲ್ಲಿ ಅಂಗಡಿಯವರು ದೀಡಶೆ, ಅಡೀಚಶೆ, ಪಾವಕಿಲೋ ಎಂದು ಬೆಲೆ, ತೂಕ ಹೇಳುತ್ತಾರೆ. ಅದನ್ನು ನೂರೈವತ್ತು, ಇನ್ನೂರೈವತ್ತು, ಕಾಲು ಕಿಲೋ ಮಾಡಿಕೊಂಡು, ಕನ್ನಡದಲ್ಲಿ ಕಲಿತ ಮಗ್ಗಿಯಲ್ಲಿ ಗುಣಿಸಿ, ಮರಾಠಿಯಲ್ಲಿ ಚೌಕಾಸಿ ಮಾಡಬೇಕು. ಬಹಳ ಜನ ಗಮನಿಸಿರಬಹುದು: ಮಾತು ಯಾವ ಭಾಷೆಯಲ್ಲಿದ್ದರೂ ಮನಸ್ಸಿನೊಳಗಿನ ಎಣಿಕೆ ಚಿಕ್ಕಂದಿನಲ್ಲಿ ಕಲಿತ ಭಾಷೆಯಲ್ಲಿಯೇ ನಡೆಯುತ್ತದೆ.

ಭಾಷೆಯಿಂದ ಭಾಷೆಗೆ ದಾಟುವುದಕ್ಕೂ ಗೇಟಿದೆ. ಮ್ಯೂಟರ್ ಮತ್ತು ಆಲ್ಪೋರ್ಟ್ ಎಂಬಿಬ್ಬರು 1999ರಲ್ಲಿ ಎರಡು ಭಾಷೆ ಬಲ್ಲವರಿಗೆ ಅಂಕೆಗಳನ್ನು ತೋರಿಸಿ, ಒಮ್ಮೆ ಈ ಭಾಷೆಯಲ್ಲಿ, ಒಮ್ಮೆ ಆ ಭಾಷೆಯಲ್ಲಿ ಹೇಳಿಸಿದರು. ಭಾಷೆ ಬದಲಾದಾಗಲೆಲ್ಲ ಉತ್ತರ ತಡವಾಯಿತು. ಸೋಜಿಗವೆಂದರೆ, ಕಲಿತ ಭಾಷೆಗೆ ಹೋಗುವುದಕ್ಕಿಂತ ತಾಯಿನುಡಿಗೆ ಮರಳುವಾಗಲೇ ತಡ ಹೆಚ್ಚು! ಪರಭಾಷೆ ಆಡಬೇಕಾದರೆ ತಾಯಿನುಡಿಯನ್ನು ಒತ್ತಿ ಹಿಡಿದಿರಬೇಕು. ಆ ಹಿಡಿತ ಸಡಿಲಿಸಲು ಹೊತ್ತು ಬೇಕು ಎಂಬುದು ಅವರ ವಿವರಣೆ. ಮರಾಠಿಯಲ್ಲಿ ಮಾತಾಡಿ ತಿರುಗಿದೊಡನೆ ಮಗಳ ಹತ್ತಿರವೂ ಮರಾಠಿಯಲ್ಲೇ ಒಂದು ಮಾತು ಬಂದುಬಿಡುವುದು ಇದಕ್ಕೇ ಇರಬೇಕು. ಚಿಲ್ಲರೆ ಎಣಿಸುವಾಗ ಬಾಯಿ ಮುಚ್ಚಿಕೊಂಡು ಎಣಿಸಿ ಎಂದು ನನ್ನ ಸಲಹೆ. ಅಂಗಡಿಯವನು ಅದೇ ಹೊತ್ತಿಗೆ "ಇನ್ನೇನ ಬೇಕ್ರಿ ವೈನಿ?" ಎಂದು ಕೇಳುತ್ತಾನಲ್ಲ, ಅವನಿಗೆ ಮನಶ್ಶಾಸ್ತ್ರ ನಮಗಿಂತ ಚೆನ್ನಾಗಿ ಗೊತ್ತು!

ಹೆಣ್ಣಿಗೆ ಹುಟ್ಟುಗುಣವೇ?

"ಗಂಡಸರಿಗೆ ಆಗಾಕಿಲ್ರಿ, ಹೆಣ್ಣಮಕ್ಕಳಿಗೆ ದೇವರು ಹಂಗ ಮಾಡ್ಯಾನ" ಎಂದು ಹೆಂಗಸರೇ ಹೇಳುವುದುಂಟು. ಕೇಳಲು ಚೆನ್ನ. ನಿಜವೇ?

2013ರಲ್ಲಿ ಬ್ರಿಟನ್ನಿನಲ್ಲಿ ನಡೆದ ಒಂದು ಪರೀಕ್ಷೆಯಲ್ಲಿ ಕೆಲಸದಿಂದ ಕೆಲಸಕ್ಕೆ ದಾಟುವಾಗ ಹೆಂಗಸರು ಗಂಡಸರಿಗಿಂತ ಸ್ವಲ್ಪ ಕಡಿಮೆ ನಿಧಾನವಾದರು. ಗಮನಿಸಿ, ಅವರೂ ನಿಧಾನವಾದರು! 2019ರಲ್ಲಿ ಜರ್ಮನಿಯ ಸಂಶೋಧಕರು 48 ಹೆಂಗಸರನ್ನೂ 48 ಗಂಡಸರನ್ನೂ ಹಲವು ಬಗೆಯಲ್ಲಿ ಪರೀಕ್ಷಿಸಿದಾಗ ಯಾವ ವ್ಯತ್ಯಾಸವೂ ಕಾಣಲಿಲ್ಲ. ಎಲ್ಲರೂ ಸಮನಾಗಿ ತಡವರಿಸಿದರು. ಅಪವಾದದವರು ಇಲ್ಲವೆಂದಲ್ಲ. ಅಮೆರಿಕದ ವಾಟ್ಸನ್, ಸ್ಟ್ರೇಯರ್ ಎಂಬವರು 2010ರಲ್ಲಿ 200 ಜನರನ್ನು ಗಾಡಿ ನಡೆಸುವ ಯಂತ್ರದ ಮುಂದೆ ಕೂಡಿಸಿ, ಜೊತೆಗೇ ಲೆಕ್ಕ ಮತ್ತು ನೆನಪಿನ ಪರೀಕ್ಷೆ ಕೊಟ್ಟರು. ಎರಡೂ ಕೆಡದಂತೆ ನಿಭಾಯಿಸಿದವರು ಶೇಕಡಾ 2.5. ಅಂದರೆ ಇನ್ನೂರಕ್ಕೆ ಐದು ಮಂದಿ. ಆ ಐವರಲ್ಲಿ ನೀವೊಬ್ಬರಾಗಿರಲೂಬಹುದು. ಉಳಿದ ನೂರತೊಂಬತ್ತೈದರಲ್ಲಿ ಒಬ್ಬರಾಗಿರುವ ಸಂಭವವೇ ಹೆಚ್ಚು.

ಅಭ್ಯಾಸದಿಂದ ಬಂದೀತೇ? ಸ್ವಲ್ಪ ಮಟ್ಟಿಗೆ ಬಂದೀತು. 1976ರಲ್ಲಿ ಸ್ಪೆಲ್ಕ್, ಹರ್ಸ್ಟ್, ನೈಸರ್ ಎಂಬ ಮೂವರು ಇಬ್ಬರು ಕಾಲೇಜು ವಿದ್ಯಾರ್ಥಿಗಳಿಗೆ ಕಥೆ ಓದುತ್ತಲೇ ಕಿವಿಗೆ ಬಿದ್ದ ಶಬ್ದಗಳನ್ನು ಬರೆಯುವುದನ್ನು ಕಲಿಸಿದರು. ದಿನಕ್ಕೊಂದು ಗಂಟೆಯಂತೆ ವಾರಗಟ್ಟಲೆ ಸಾಧನೆ ಮಾಡಿದ ಮೇಲೆ ಓದಿನ ವೇಗ ಮೊದಲಿನಂತಾಯಿತು. ಆದರೆ ಆ ಸಾಧನೆ ಆ ಎರಡು ಕೆಲಸಗಳದು. ಅದನ್ನು ಕಲಿತವರಿಗೆ ಹಾಲು, ಚಾವಿ, ಗುಳಿಗೆ ಸುಲಭವಾಗುತ್ತದೆಂದು ಯಾರೂ ಹೇಳಿಲ್ಲ.

ಹಾಗಿದ್ದರೂ ಈ ಹೊಗಳಿಕೆ ಹೆಂಗಸರ ಪಾಲಿಗೇ ಏಕೆ ಬಂತು? ಕೆಲಸ ಅವರ ಪಾಲಿಗೇ ಬಂದದ್ದರಿಂದ. 2019ರಲ್ಲಿ ನಮ್ಮ ಸರಕಾರ ದೇಶದಾದ್ಯಂತ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದರಲ್ಲಿ ಕಳೆಯುತ್ತಿದ್ದರು. ಮನೆಗೆಲಸ ಮಾಡುವ ಗಂಡಸರು 97 ನಿಮಿಷ. ಅದೂ ಮಾಡುವವರ ಲೆಕ್ಕ, ಮಾಡುವ ಗಂಡಸರೇ ಕಡಿಮೆ. ಐದು ಗಂಟೆಯ ಕೆಲಸವನ್ನು ಬಸ್ಸಿನ ಹೊತ್ತಿನೊಳಗೆ ಮಡಿಚಿ ಇಡಬೇಕಾದಾಗ ಒಂದರ ಮೇಲೊಂದು ಹೇರದೆ ಗತಿ ಏನು? ಇದನ್ನು ದೇವರು ಕೊಟ್ಟ ಗುಣ ಎಂದುಬಿಟ್ಟರೆ, ಹೊರೆ ಹಂಚಿಕೊಳ್ಳುವ ಮಾತೇ ಏಳುವುದಿಲ್ಲ. ಈ ಅಷ್ಟಾವಧಾನದ ಬಿರುದು ನನಗೆ ಒಗ್ಗದಿರುವುದು ಇದಕ್ಕಾಗಿ.

ಚೆನ್ನಮ್ಮ ಹುಟ್ಟಿದ್ದು ಇದೇ ಕಾಕತಿಯಲ್ಲಿ, 1778ರಲ್ಲಿ. ಆಕೆಯ ಹೆಸರನ್ನೂ ಇದಕ್ಕೆ ಎಳೆದು ತರುವವರಿದ್ದಾರೆ. "ರಾಣಿ ಒಬ್ಬಾಕಿನ ರಾಜ್ಯ ನಡೆಸಿದ್ಲು, ನಿನಗ ಒಂದ ಮನಿ ನಡೆಸಾಕ ಆಗೂದಿಲ್ಲೇನು?" ಎಂದು. 1824ರಲ್ಲಿ ಕಿತ್ತೂರಿನಲ್ಲಿ ಥ್ಯಾಕರೆಯ ಸೈನ್ಯವನ್ನು ಎದುರಿಸಿದಾಗ ರಾಣಿಯ ಜೊತೆಗೆ ಸರದಾರ ಗುರುಸಿದ್ದಪ್ಪ ಇದ್ದ, ಅಮಟೂರು ಬಾಳಪ್ಪ ಇದ್ದ, ಸಂಗೊಳ್ಳಿ ರಾಯಣ್ಣ ಇದ್ದ. ಕೋಟೆಯ ಬಾಗಿಲು, ಮದ್ದುಗುಂಡು, ಕುದುರೆ ಎಲ್ಲವನ್ನೂ ಆಕೆಯೊಬ್ಬಳೇ ನೋಡಿಕೊಂಡಳೆಂದು ಯಾವ ಇತಿಹಾಸವೂ ಹೇಳುವುದಿಲ್ಲ. ಇನ್ನೊಮ್ಮೆ ಯಾರಾದರೂ ಹಾಗೆಂದರೆ, "ಹಂಗಾರ ನೀವು ಗುರುಸಿದ್ದಪ್ಪ ಆಗ್ರಿ" ಎನ್ನಿ!

ಹಾಲು ಉಕ್ಕಿದರೆ ಒರೆಸಬಹುದು

ಉಕ್ಕಿದ ಹಾಲಿಗಾಗಿ, ತಳ ಹಿಡಿದ ಕುಂದಾಕ್ಕಾಗಿ ಇಷ್ಟೆಲ್ಲ ಬರೆಯಬೇಕಾಗಿರಲಿಲ್ಲ. ಎರಡು ಕಡೆ ಮಾತ್ರ ಈ ಗೇಟನ್ನು ಮರೆತರೆ ಬೆಲೆ ದೊಡ್ಡದು.

ಒಂದು, ಔಷಧಿ. ಮನೆಯಲ್ಲಿ ಹಿರಿಯರಿದ್ದರೆ ದಾದಿ ನೀವೇ. ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಚುಚ್ಚುವವರು, ಬಿ.ಪಿ. ಗುಳಿಗೆ ಎಣಿಸಿ ಕೊಡುವವರು, ಮಗುವಿಗೆ ಜ್ವರದ ಔಷಧಿ ಅಳೆಯುವವರು ಎಲ್ಲ ನೀವೇ. ಆಸ್ಟ್ರೇಲಿಯಾದ ಸಿಡ್ನಿಯ ಎರಡು ಆಸ್ಪತ್ರೆಗಳಲ್ಲಿ ತರಬೇತಾದ ದಾದಿಯರನ್ನೇ ಗಮನಿಸಿದ ವೆಸ್ಟ್‌ಬ್ರೂಕ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದೇನೆಂದರೆ, ಔಷಧಿ ಕೊಡುವಾಗ ನಡುವೆ ಯಾರಾದರೂ ಮಾತಾಡಿಸಿದಷ್ಟೂ ತಪ್ಪು ಹೆಚ್ಚು. ಒಂದೊಂದು ಅಡಚಣೆಗೂ ಸುಮಾರು ಶೇಕಡಾ 12ರಷ್ಟು. ಕಲಿತ ದಾದಿಯರ ಪಾಡೇ ಹೀಗಾದರೆ ರೊಟ್ಟಿಯ ಹಿಟ್ಟಿನ ಕೈಯಲ್ಲಿ ಗುಳಿಗೆ ತೆಗೆಯುವ ನಮ್ಮ ಪಾಡೇನು? ಕೊಟ್ಟೆನೋ ಇಲ್ಲವೋ ಎಂಬ ಉಪ್ಪಿನ ಸಂಶಯವೇ ಇಲ್ಲೂ ಬರುತ್ತದೆ. ಆದರೆ ಇನ್ಸುಲಿನ್ ಎರಡು ಸಲ ಆದರೆ ನೀರು ಬೆರೆಸಿ ಸರಿಮಾಡಲಾಗುವುದಿಲ್ಲ. ಆದ್ದರಿಂದ ಗುಳಿಗೆ, ಇಂಜೆಕ್ಷನ್ನಿನ ಹೊತ್ತಿಗೆ ಒಲೆ ಆರಿಸಿ, ಕೈ ತೊಳೆದು, ಕುಳಿತು ಕೊಡಿ. ಯಾರು ಕರೆದರೂ ಉತ್ತರ ಬೇಡ. ವಾರದ ಗುಳಿಗೆಗಳನ್ನು ದಿನದಿನದ ಮನೆ ಇರುವ ಡಬ್ಬಿಯಲ್ಲಿ ಮೊದಲೇ ಜೋಡಿಸಿಟ್ಟರೆ ಖಾಲಿ ಮನೆಯೇ ಹೇಳುತ್ತದೆ, ಇವತ್ತಿನದು ಆಯಿತು ಎಂದು.

ಎರಡು, ರಸ್ತೆ. ಕಾಕತಿಯಿಂದ ಬೆಳಗಾವಿಗೆ ಸ್ಕೂಟರಿನಲ್ಲಿ ಹೋಗುವ ಹೆಣ್ಣುಮಕ್ಕಳು ಈಗ ಕಡಿಮೆಯಿಲ್ಲ. ಅದು ಪುಣೆ-ಬೆಂಗಳೂರು ಹೆದ್ದಾರಿ. ಟ್ರಕ್ಕುಗಳು ಗಾಳಿಯಂತೆ ಬರುತ್ತವೆ. ಗಾಡಿ ನಡೆಸುತ್ತ ಫೋನನ್ನು ಕೈಯಲ್ಲಿ ಹಿಡಿಯುವುದು ಕಾನೂನಿಗೆ ವಿರುದ್ಧ ಎಂಬುದು ಎಲ್ಲರಿಗೂ ಗೊತ್ತು. 2019ರ ತಿದ್ದುಪಡಿಯಲ್ಲಿ ಅದನ್ನು ಅಪಾಯಕಾರಿ ಚಾಲನೆಯ ಸಾಲಿಗೇ ಸೇರಿಸಿದ್ದಾರೆ. ಹಾಗಾಗಿ ಹೆಲ್ಮೆಟ್ಟಿನೊಳಗೆ ಫೋನು ತುರುಕಿಕೊಂಡೋ, ಕಿವಿಗೆ ತಂತಿ ಸಿಕ್ಕಿಸಿಕೊಂಡೋ ಮಾತಾಡುತ್ತಾರೆ. ಕೈ ಖಾಲಿ ಇದೆಯಲ್ಲ ಎಂಬ ಸಮಾಧಾನ. ಸ್ಟ್ರೇಯರ್ ಮತ್ತು ಜಾನ್‌ಸ್ಟನ್ 2001ರಲ್ಲಿ ಪ್ರಯೋಗ ಮಾಡಿ ನೋಡಿದರು. ಫೋನಿನಲ್ಲಿ ಮಾತಾಡುತ್ತ ಗಾಡಿ ನಡೆಸುವ ಹಾಗೆ ಮಾಡಿದವರು ಕೆಂಪು ದೀಪ ತಪ್ಪಿಸಿಕೊಂಡದ್ದು ಎರಡು ಪಟ್ಟು ಹೆಚ್ಚು. ಫೋನು ಕೈಯಲ್ಲಿದ್ದವರಿಗೂ ಕೈ ಖಾಲಿ ಇದ್ದವರಿಗೂ ವ್ಯತ್ಯಾಸವೇ ಇರಲಿಲ್ಲ! ಸುಮ್ಮನೆ ರೇಡಿಯೋ ಕೇಳಿದವರಿಗೆ ಅಂಥ ತೊಂದರೆಯಾಗಲಿಲ್ಲ. ರೇಡಿಯೋ ಉತ್ತರ ಕೇಳುವುದಿಲ್ಲ, ಫೋನಿನವರು ಕೇಳುತ್ತಾರೆ. ಉತ್ತರ ಯೋಚಿಸಿದ ಕ್ಷಣ ಗೇಟು ಬೀಳುತ್ತದೆ. ಎದುರಿಗಿದ್ದುದು ಕಣ್ಣಿಗೆ ಬಿದ್ದರೂ ತಲೆಗೆ ಹೋಗುವುದಿಲ್ಲ. ನಿಮ್ಮ ಮಗಳು ಗಾಡಿಯಲ್ಲಿ ಹೊರಟ ಮೇಲೆ "ಎಲ್ಲಿದ್ದಿ, ಮುಟ್ಟಿದೇನು?" ಎಂದು ಫೋನು ಮಾಡುವವರು ಸಾಮಾನ್ಯವಾಗಿ ತಾಯಂದಿರಾದ ನಾವೇ. ಮುಟ್ಟಿದ ಮೇಲೆ ಅವಳೇ ಮಾಡಲಿ.

ಮನೆಯೊಳಗಿನ ಸರದಿ

ಹಾಗಾದರೆ ಏನು ಮಾಡುವುದು? ಎಂಟು ಮಂದಿ ಪೃಚ್ಛಕರನ್ನು ಮನೆಯಿಂದ ಓಡಿಸುವಂತಿಲ್ಲ. ವೇದಿಕೆಯ ನಿಯಮಗಳನ್ನೇ ಒಂದಿಷ್ಟು ಒಳಗೆ ತರಬಹುದು.

ಸರದಿ ಮೊದಲನೆಯದು. "ನಿಂದ್ರು, ಇದನ್ನ ಮುಗಸ್ತೀನಿ, ಆಮ್ಯಾಲೆ ನೀ ಕೇಳು" ಎಂದು ಹೇಳಲು ಸಂಕೋಚ ಬೇಡ. ಮಕ್ಕಳು ಎರಡು ವಾರದಲ್ಲಿ ಕಲಿಯುತ್ತಾರೆ. ಗಂಡಂದಿರಿಗೆ ಸ್ವಲ್ಪ ಹೆಚ್ಚು ಕಾಲ ಬೇಕಾದೀತು. ಚಾವಿಗೊಂದು ಮೊಳೆ ಹೊಡೆದರೆ ಒಂದು ಪ್ರಶ್ನೆ ಕಾಯಮ್ಮಾಗಿ ಕಡಿಮೆಯಾಗುತ್ತದೆ. ಹಾಲಿನ ಲೆಕ್ಕವನ್ನು ತಿಂಗಳಿಡೀ ಅವರೇ ನೋಡಲಿ, ಇನ್ನೊಂದು ಕಡಿಮೆಯಾಯಿತು. ಇವು ದೊಡ್ಡ ಸುಧಾರಣೆಯಲ್ಲ, ಆದರೆ ನಾಲ್ಕೇ ವಸ್ತು ಹಿಡಿಸುವ ಗೂಡಿನಲ್ಲಿ ಎರಡರ ಜಾಗ ಖಾಲಿಯಾಗುವುದು ಕಡಿಮೆ ಲಾಭವೇ?

ಇನ್ನು, ಅರ್ಧಕ್ಕೆ ಬಿಟ್ಟ ಕೆಲಸ. ಅರ್ಧಕ್ಕೆ ಬಿಟ್ಟು ಎದ್ದರೆ ಮನಸ್ಸಿನ ಒಂದು ತುಣುಕು ಅಲ್ಲಿಯೇ ಉಳಿದುಬಿಡುತ್ತದೆ ಎಂದು ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ತೋರಿಸಿದರು. 2018ರಲ್ಲಿ ಅವರೂ ಗ್ಲಾಂಬ್ ಎಂಬವರೂ ಸೇರಿ ಅದಕ್ಕೊಂದು ಉಪಾಯವನ್ನೂ ಕಂಡರು. ಏಳುವ ಮುಂಚೆ ಒಂದು ನಿಮಿಷ ನಿಂತು, ಎಲ್ಲಿಗೆ ಬಂದಿದ್ದೆ, ಮರಳಿ ಬಂದು ಮೊದಲು ಏನು ಮಾಡಬೇಕು ಎಂದು ಬರೆದಿಟ್ಟರೆ ಮನಸ್ಸು ಹೊಸ ಕೆಲಸಕ್ಕೆ ಹಗುರವಾಗಿ ಹೋಗುತ್ತದೆ. ಮಕ್ಕಳ ಹಳೆಯ ಪಾಟಿಯೊಂದನ್ನು ಅಡಿಗೆಮನೆಯಲ್ಲಿ ತೂಗುಹಾಕಿ. "ಉಪ್ಪು ಆಗಿದೆ, ಹುಳಿ ಆಗಿಲ್ಲ", "ಮುಂಜಾನೆ ಗುಳಿಗೆ ಕೊಟ್ಟಿದೆ", "ಫೀಸಿನ ಚೀಟಿಗೆ ಸಹಿ". ಅವಧಾನಿಗೆ ಛಂದಸ್ಸು, ನಮಗೆ ಪಾಟಿ.

ಕೊನೆಯದಾಗಿ, ಪರೀಕ್ಷೆಯ ದಿನಗಳಲ್ಲಿ ತಾಯಂದಿರು ಕೇಳುವ ಒಂದು ಪ್ರಶ್ನೆ: "ಹುಡುಗ ಹಾಡು ಹಚ್ಚಿಕೊಂಡ ಓದತಾನ್ರಿ, ಬಿಡಬೇಕೋ ಬ್ಯಾಡೋ?" ಓದುವಾಗ ನಾವು ಶಬ್ದಗಳನ್ನು ಮನಸ್ಸಿನೊಳಗೇ ಉಚ್ಚರಿಸಿಕೊಂಡು ಹಿಡಿದಿಡುತ್ತೇವೆ. ಹೊರಗಿನಿಂದ ಬರುವ ಮಾತು ಅದೇ ಜಾಗಕ್ಕೆ ನುಗ್ಗುತ್ತದೆ. ಸಲಾಮೆ ಮತ್ತು ಬ್ಯಾಡ್ಲಿ ಎಂಬವರು 1982ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಕಿವಿಗೊಡಬೇಡಿ ಎಂದು ಹೇಳಿದ್ದರೂ ಪಕ್ಕದಲ್ಲಿ ಕೇಳಿಬರುತ್ತಿದ್ದ ಮಾತು ಅಂಕೆಗಳ ನೆನಪನ್ನು ಕೆಡಿಸಿತು. ಅರ್ಥವಾಗದ ಭಾಷೆಯ ಮಾತಾದರೂ ಅಡ್ಡಿಯೇ ಎಂಬುದು ಬೇರೆ ಪ್ರಯೋಗಗಳಲ್ಲಿ ಕಂಡಿದೆ. ಆದ್ದರಿಂದ ಬಾಯಿಪಾಠದ ಹೊತ್ತಿಗೆ ಮಾತಿರುವ ಹಾಡು ಬೇಡ, ಪಡಸಾಲೆಯ ಮರಾಠಿ ಧಾರಾವಾಹಿಯೂ ಬೇಡ. ಬರೀ ವಾದ್ಯದ ಸಂಗೀತ ಮೆಲ್ಲಗಿದ್ದರೆ ಅಷ್ಟು ತೊಂದರೆಯಿಲ್ಲ. ನಕಾಶೆಗೆ ಬಣ್ಣ ತುಂಬುವಾಗ, ಪುಸ್ತಕಕ್ಕೆ ಹೊದಿಕೆ ಹಾಕುವಾಗ ಹಾಡು ಎಷ್ಟು ಬೇಕಾದರೂ ಇರಲಿ. ನೀವೂ ಅಷ್ಟೆ: ಧಾರವಾಡ ಆಕಾಶವಾಣಿಯನ್ನು ಮೆಂತ್ಯೆ ಸೊಪ್ಪಿನ ಹೊತ್ತಿಗೆ ಹಚ್ಚಿ, ಹಾಲಿನವನ ಲೆಕ್ಕದ ಹೊತ್ತಿಗೆ ಬಂದ್ ಮಾಡಿ.